ಕೆನ್ನೆಯಲ್ಲಿಟ್ಟ ನೇರಳೆ

ಜೂನ್ ಹದಿನಾಲ್ಕು; ಮೋಡ ಕವಿದಿತ್ತು, ಮಳೆ ಇರಲಿಲ್ಲ. ಮರದಡಿ ಮಲಗಿದ್ದ ಹಸುವಿಗೆ ಬೆನ್ನು ಮಾಡಿ ಕೂತು, ಕೋತಿಯೊಂದು ಗಬಗಬನೆ ನೇರಳೆ ನುಂಗುತ್ತಿತ್ತು.

"ಏನೇ ತಂಗಿ, ತಿನ್ನುವುದಕ್ಕೂ ಮುಖ ಮರೆಸಬೇಕೆ? ರುಚಿ ಹೇಗಿದೆ ಹೇಳು," ಎಂದಿತು ಹಸು.

ನುಂಗುವ ಭರದಲ್ಲಿ ಕೋತಿ ರುಚಿಯನ್ನೇ ನೋಡಿರಲಿಲ್ಲ. ನಾಚಿ ತಲೆ ತಗ್ಗಿಸಿತು.

"ಒಂದನ್ನಾದರೂ ನನ್ನ ಹಾಗೆ ನಿಧಾನವಾಗಿ ಅಗಿದು ನೋಡು."

ಕೋತಿ ಅಗಿಯಿತು. ಮೊದಲು ಒಗರು, ಆಮೇಲೆ ಸಿಹಿ. ಕಣ್ಣು ತುಂಬಿ ಬಂತು.

"ಕಾಲು ಮುರಿದು ಬಿದ್ದಿದ್ದ ಅಕ್ಕನಿಗೆ ದಿನಾ ಕೆನ್ನೆ ತುಂಬ ಇದನ್ನೇ ಒಯ್ಯುತ್ತಿದ್ದೆ. ದಾರಿಯಲ್ಲಿ ನನಗೇ ತಿಳಿಯದೆ ತಿರುಳೆಲ್ಲ ನುಂಗಿಬಿಡುತ್ತಿದ್ದೆ. ಅವಳೆದುರು ಬಾಯಿ ತೆರೆದರೆ ಬರೀ ಬೀಜ."

"ಕೆನ್ನೆ ಇನ್ನೂ ಉಬ್ಬಿದೆಯಲ್ಲ! ಎದ್ದು ಹೋಗಿ ಕೊಡು."

"ಯಾರಿಗೆ ಕೊಡಲಿ, ಹಸುವಮ್ಮ? ಅಕ್ಕ ನಿನ್ನೆ ಹಸಿದ ಹೊಟ್ಟೆಯಲ್ಲೇ ಸತ್ತಳು."