ಗಾಡಿಮನೆಯ ರಾಣಿಗೆ ಸಿಗದ ಸಿಗ್ನಲ್ಲು

"ಕೇಳ್ರಪ್ಪೋ ಕೇಳಿ! ಬಸ್ಸನ್ನೇ ಅರಮನೆ ಮಾಡಿಕೊಂಡು, ಊರೂರು ಸುತ್ತುತ್ತ, ಇಂಟರ್ನೆಟ್ಟಿನಲ್ಲೇ ರಾಜ್ಯಭಾರ ಮಾಡುವ ಕನಕಾಂಗಿ ರಾಣಿಯವರಿಗೆ ನೆಟ್‌ವರ್ಕ್ ಸಿಗುತ್ತಿಲ್ಲ! ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಹಾರಿಸಲಾಗುವುದು!"

ಡಂಗುರ ಕೇಳಿದ್ದೇ ಕುರಿ ಕಾಯುವ ಮಾಳಿಂಗ ಬಸ್ಸಿನತ್ತ ಓಡಿದ. ಅವನ ಅಣ್ಣ ಸೋಮಲಿಂಗ ಮೊನ್ನೆಯೇ ಉತ್ತರ ತಪ್ಪಿ, ಸೋತ ರಾಜಕುಮಾರರ ಸಾಲಿನಲ್ಲಿ ಕೈ ಕಟ್ಟಿಸಿಕೊಂಡು ಕೂತಿದ್ದ. ಕತ್ತಿಯವನೂ ಪಕ್ಕದಲ್ಲೇ ಇದ್ದ. ಆದರೆ ರಾಣಿಯ ಲ್ಯಾಪ್‌ಟಾಪಿನಿಂದ ಅವನ ಫೋನಿಗೆ ಲಿಖಿತ ಆಜ್ಞೆ ಬರದೆ ಕತ್ತಿ ಎತ್ತುವಂತಿರಲಿಲ್ಲ. ಆಜ್ಞೆಯೋ, ನೆಟ್‌ವರ್ಕ್ ಸಿಗದೆ ಮೂರು ದಿನದಿಂದ ಪರದೆಯ ಮೇಲೆ ಗಿರಗಿರ ಸುತ್ತುತ್ತಲೇ ಇತ್ತು. ಎಂಥಾ ಪುಣ್ಯ ನೋಡಿ!

ಮಾಳಿಂಗ ಕಂಬಳಿ ಹೊದ್ದು ಬಸ್ಸು ಹತ್ತಿದ. ಅವನ ಮುಂದೆ ಒಬ್ಬ ರಾಜಕುಮಾರ ನಿಂತಿದ್ದ.

"ನನ್ನ ಬಾಗಿಲತನಕ ಬಂದು ಒಳಗೆ ಬಾರದ ಅತಿಥಿ ಯಾರು?" ಎಂದಳು ರಾಣಿ.

"ಮುನಿಸಿಕೊಂಡ ಬೀಗರು!" ಎಂದ ರಾಜಕುಮಾರ. ಅವನೂ ಸಾಲಿಗೆ ಸೇರಿದ.

"ಸಿಗ್ನಲ್ಲು, ತಾಯಿ," ಎಂದ ಮಾಳಿಂಗ. "ನಿಮ್ಮ ಅರಮನೆ ಬರೀ ತಗಡು. ಅದು ಒಳಗೆ ನುಗ್ಗೋದಾದ್ರೂ ಹೆಂಗೆ? ಮೇಲೊಂದು ಆಂಟೆನಾ ನಿಲ್ಲಿಸಿ."

"ಒಬ್ಬನನ್ನೇ ನಂಬಿದರೆ ನಡುದಾರಿಯಲ್ಲಿ ಕೈಕೊಡುತ್ತಾನೆ. ಇಬ್ಬರಿದ್ದರೆ ಒಬ್ಬನಾದರೂ ಇರುತ್ತಾನೆ. ಯಾರಯ್ಯಾ ಅವನು?" ಎಂದಳು ರಾಣಿ.

ರಾಣಿಯ ಪಕ್ಕದಲ್ಲಿದ್ದ ಮಂತ್ರಿ, ತನ್ನನ್ನೇ ಅಂದಳೇನೋ ಎಂದು ಗಂಟಲು ಸರಿಮಾಡಿಕೊಂಡ.

"ಸಿಮ್ಮು," ಎಂದ ಮಾಳಿಂಗ. "ಕುರಿ ಹಿಂದೆ ನಾಲ್ಕು ಸೀಮೆ ಅಲೆದವನು ನಾನು. ಬೇರೆ ಬೇರೆ ಕಂಪನಿಯ ಎರಡು ಸಿಮ್ಮು ಬೇಕೇ ಬೇಕು."

"ಕಡೆಯದು. ನಾನು ನಿಂತಲ್ಲಿಗೆ ನೆಟ್‌ವರ್ಕ್ ಬರಿಸುವುದು ಹೇಗೆ?"

ಮಾಳಿಂಗ ಬಾಯಿ ತೆರೆದವನು ಗಪ್ಪನೆ ಮುಚ್ಚಿದ. ಹೊರಗೆ ಅಣ್ಣ ಕೂತಿದ್ದ! "ತಾಯಿ, ಮೊದಲು ಆ ಸುತ್ತುತ್ತಿರೋ ಆಜ್ಞೆ ಅಳಿಸಿಬಿಡಿ. ನನ್ನ ಉತ್ತರ ಸರಿಯಾಗಿ ನೆಟ್‌ವರ್ಕ್ ಬಂದ ಗಳಿಗೆಯಲ್ಲೇ ನಮ್ಮಣ್ಣನ ತಲೆ ಹೋಗುತ್ತೆ. ನಾನು ಕೇಳೋದು ಇಷ್ಟೇ."

ರಾಣಿ ಕಣ್ಣರಳಿಸಿ ನೋಡಿದಳು, ನಕ್ಕಳು, ಅಳಿಸಿದಳು.

"ಬರಿಸೋಕಾಗಲ್ಲ ತಾಯಿ. ಅದು ಇರೋ ಕಡೆ ನೀವೇ ಹೋಗಬೇಕು. ಹಿಂಡು ಎಬ್ಬಿಸೋ ಮುಂಚೆ ನಮ್ಮಲ್ಲಿ ಒಬ್ಬ ಮುಂದೆ ಹೋಗಿ ಹುಲ್ಲು, ನೀರು ನೋಡ್ಕೊಂಡು ಬರ್ತಾನೆ. ನೀವು ಚೆಂದದ ಕಣಿವೆ ಕಂಡಲ್ಲೆಲ್ಲ ಮೊದಲು ಬಸ್ಸು ನಿಲ್ಲಿಸ್ತೀರಿ, ಆಮೇಲೆ ಫೋನ್ ನೋಡ್ತೀರಿ!"

ಆಂಟೆನಾ ಏರಿಸಿ, ಎರಡು ಸಿಮ್ಮು ಹಾಕಿ, ಕೈದಿಗಳ ಸಮೇತ ಮಾಳಿಂಗ ತೋರಿಸಿದ ದಿಬ್ಬ ಹತ್ತಿದರು. ಕತ್ತಿಯವನ ಫೋನು ಟಿಣ್ ಎಂದಿತು. ಸಾಲಿನವರೆಲ್ಲ ಕಣ್ಣು ಮುಚ್ಚಿದರು. ಅವನು ಅಕ್ಷರ ಕೂಡಿಸಿಕೊಂಡು ಓದಿದ: "ಮೂರು ದಿನದಿಂದ ಎಲ್ಲಿ ಹಾಳಾಗಿ ಹೋಗಿದ್ದೀರಿ? ಇಂತಿ ನಿಮ್ಮ ಹೆಂಡತಿ."

ಕೈಕಟ್ಟು ಬಿಚ್ಚಿದ್ದೇ ಸೋಮಲಿಂಗ ತಮ್ಮನನ್ನು ತಬ್ಬಿಕೊಂಡು ಗಳಗಳನೆ ಅತ್ತ. ರಾಣಿ ಮಾಳಿಂಗನಿಗೆ ದಾರಿ ನೋಡುವ ಕೆಲಸ ಕೊಟ್ಟಳು. ಅಂದಿನಿಂದ ಆ ರಾಜ್ಯದಲ್ಲಿ ಕುರಿಹಿಂಡು ಮುಂದೆ, ಅರಮನೆ ಹಿಂದೆ.