ಬಾಗಿಲ ಮೇಲಿನ ಐದು ಬೊಟ್ಟು

“ಅಜ್ಜಾರೇ, ಊರನ್ನು ಪೂರ್ತಿ ಎಣಿಸಿ ಮುಗಿಸಿದವನಿಗೆ ತಿಳಿಯಬೇಕಾದ್ದು ಇನ್ನೇನು ಉಳಿಯುತ್ತದೆ?”

ಕೇಳಿದವನು ಅಡವೀಶ, ಮಠದ ಶಿಷ್ಯ. ಆ ಬೇಸಿಗೆ ಊರವರು ಬೆಂಕಿಯ ಕಾವಲನ್ನು ಅವನಿಗೆ ಒಪ್ಪಿಸಿದ್ದರು. ಒಂದು ತಿಂಗಳು ಓಣಿ ಓಣಿ ಸುತ್ತಿ, ಬಣವೆ ಎಷ್ಟು, ಬಾವಿ ಎಷ್ಟು, ಹುಲ್ಲಿನ ಮನೆ ಎಷ್ಟು, ಮಂದಿ ಎಷ್ಟು ಎಂದು ಎಲ್ಲ ಬರೆದು ತಂದಿದ್ದ. ಕೇಳಿದ್ದು ಪ್ರಶ್ನೆಯೇ. ಆದರೆ ‘ಏನೂ ಉಳಿಯುವುದಿಲ್ಲ’ ಎಂಬ ಉತ್ತರ ಅವನ ಮುಖದ ಮೇಲೆ ಆಗಲೇ ಕುಳಿತಿತ್ತು.

ಗುರುಗಳು ಗೋಡೆಗೆ ಒರಗಿದ್ದರು. “ಕುಳಿತುಕೋ ತಮ್ಮಾ,” ಎಂದು ಕತೆ ಹೇಳತೊಡಗಿದರು.

ಒಂದು ಪೇಟೆ. ಆ ಪೇಟೆಗೊಬ್ಬ ಬೆಂಕಿಯ ನಾಯಕ. ಸುತ್ತ ಹನ್ನೆರಡು ಹಳ್ಳಿಗೆ ಅವನಂಥ ನಾಯಕ ಇರಲಿಲ್ಲ. ಈ ಮಾತನ್ನು ಹಳ್ಳಿಯವರು ಹೇಳುವ ಮೊದಲೇ ಅವನೇ ಹೇಳಿಬಿಡುತ್ತಿದ್ದ, ಅವರಿಗೆ ತೊಂದರೆ ಯಾಕೆ ಎಂದು. ಬರೀ ಬಾಯಿ ಬಡಾಯಿಯಲ್ಲ, ಕೆಲಸವೂ ಹಾಗೇ ಇತ್ತು. ಉಳಿದ ಊರುಗಳಲ್ಲಿ ಬೆಂಕಿ ಬಿದ್ದ ಮೇಲೆ ಕೊಡ ಹುಡುಕುತ್ತಿದ್ದರು. ಇವನು ಬೆಂಕಿ ಬೀಳುವ ಮೊದಲೇ ಅದು ಎಲ್ಲಿ ಬೀಳುತ್ತದೆ ಎಂದು ಹುಡುಕುತ್ತಿದ್ದ. ಕುಂಬಾರರ ಆವಿಗೆ ಎಲ್ಲಿದೆ, ಅದರಿಂದ ಬಣವೆ ಎಷ್ಟು ಮಾರು ದೂರ, ಯಾವ ತಿಂಗಳಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಗಾಣಿಗ ಎಣ್ಣೆಕಾಳು ಎಲ್ಲಿ ಒಟ್ಟಿದ್ದಾನೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು.

ಅವನದೇ ಒಂದು ಪದ್ಧತಿ ಇತ್ತು. ಅಪಾಯದ ಮನೆಯ ಬಾಗಿಲಿಗೆ ಕೆಮ್ಮಣ್ಣಿನ ಪಟ್ಟೆ. ಮನೆಯಲ್ಲಿ ಎಷ್ಟು ಜನವೋ, ಬಾಗಿಲ ಮೇಲೆ ಅಷ್ಟು ಸುಣ್ಣದ ಬೊಟ್ಟು. ಬೆಂಕಿ ಬಿದ್ದ ದಿನ ಯಾರನ್ನೂ ಕೇಳುವ ಹಾಗಿಲ್ಲ. ಬೊಟ್ಟು ಎಣಿಸು, ಹೊರಗೆ ನಿಂತ ತಲೆ ಎಣಿಸು. ಎರಡೂ ಸರಿಹೋದರೆ ಮನೆ ಖಾಲಿ.

ಹುಲ್ಲಿನ ಓಣಿಯ ಕೊನೆಯಲ್ಲಿ ಒಬ್ಬ ರೈತನ ಮನೆ ಇತ್ತು. ಅಲ್ಲಿಂದಾಚೆಗೆ ಗಾಣ, ಗಾಣದಾಚೆಗೆ ಪೇಟೆ. ನಾಯಕ ಎಣಿಕೆಗೆ ಆ ಮನೆಗೂ ಹೋದ. ರೈತನ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು.

“ಅವ್ವಾ, ನಿಮ್ಮ ಮನೆಯವರು ಎಷ್ಟು ಜನ?” ಎಂದ.

“ನಾವಿಬ್ಬರು, ಗಂಡುಮಕ್ಕಳು ಇಬ್ಬರು, ಸೊಸೆ ಒಬ್ಬಳು,” ಎಂದಳು ಅವ್ವ. “ಬಿಸಿಲಲ್ಲಿ ಬಂದಿದ್ದೀ, ಮಜ್ಜಿಗೆ ಕುಡಿದು ಹೋಗು.”

ಒಳಗಿನಿಂದ ಒಬ್ಬ ಹೆಣ್ಣುಮಗಳು ಮಜ್ಜಿಗೆ ತಂದು ಕೊಟ್ಟಳು. ನಾಯಕ ಕಣ್ಣನ್ನು ಛಾವಣಿಯ ಮೇಲಿಟ್ಟೇ ಕುಡಿದ. ಹುಲ್ಲು ಮೂರು ವರ್ಷ ಹಳತು, ಕಿಡಿ ತಾಗಿದರೆ ಸಾಕು ಎಂದು ಲೆಕ್ಕ ಹಾಕಿದ. ಮೀಸೆ ಒರೆಸಿಕೊಂಡ. ಬಾಗಿಲ ಮೇಲೆ ಐದು ಬೊಟ್ಟು ಇಟ್ಟು ಮುಂದಿನ ಮನೆಗೆ ಹೋದ.

ಶಿವರಾತ್ರಿ ಕಳೆಯಿತು. ಕುಸುಬೆ ಕೊಯ್ಲು ಬಂತು. ಒಂದು ದಿನ ಮಧ್ಯಾಹ್ನ ಬೆಂಕಿ ಬಿತ್ತು. ಅವನು ಹೇಳಿದಲ್ಲೇ ಬಿತ್ತು. ಕುಂಬಾರರ ಆವಿಗೆಯ ಕಿಡಿ ಮೂರನೆಯ ಬಣವೆಗೆ ಹಾರಿತು. ಗಾಳಿ ಅವನು ಹೇಳಿದ ದಿಕ್ಕಿನಿಂದಲೇ ಬೀಸಿ, ಉರಿಯನ್ನು ಹುಲ್ಲಿನ ಓಣಿಗೆ ತಂದಿತು. ಕಾವಲು ಗೋಪುರದ ಮೇಲಿದ್ದ ನಾಯಕನಿಗೆ ಎದೆ ಧಸಕ್ ಎಂದದ್ದು ನಿಜ. ಅದರ ಹಿಂದೆಯೇ ಒಂದು ಸಣ್ಣ ಖುಷಿಯೂ ಆಯಿತು. ಕರೆದ ದಾರಿಯಲ್ಲೇ ಬರುವ ಎತ್ತಿನ ಹಾಗೆ ಬೆಂಕಿ ತನ್ನ ಮಾತು ಕೇಳುತ್ತಿದೆ ಎನ್ನಿಸಿತು.

ಇಳಿದು ಬಂದು ಅಪ್ಪಣೆ ಕೊಟ್ಟ. ಬಾವಿಯ ಕಡೆ ಹತ್ತು ಜನ, ಒದ್ದೆ ಗೋಣಿಯವರು ಗಾಣದ ಕಡೆ. ಓಣಿಯ ಮನೆಗಳ ಮುಂದೆ ಬೊಟ್ಟು ಎಣಿಸಿದರು, ತಲೆ ಎಣಿಸಿದರು. ಎಲ್ಲ ಸರಿಹೋಯಿತು. ಉಳಿದದ್ದು ಕೊನೆಯ ಮನೆ. ಅದನ್ನು ಕೆಡವಿದರೆ ಉರಿಗೆ ಮುಂದೆ ಹೆಜ್ಜೆಯಿಡಲು ಜಾಗವಿಲ್ಲ. ಕೆಡವದಿದ್ದರೆ ಗಾಣ ಹೊತ್ತುತ್ತದೆ, ಗಾಣ ಹೊತ್ತಿದರೆ ಪೇಟೆಯೇ ಹೋಗುತ್ತದೆ.

ನಾಯಕ ಬಾಗಿಲು ನೋಡಿದ. ಐದು ಬೊಟ್ಟು. ಬೆಳಿಗ್ಗೆ ರೈತ, ಇಬ್ಬರು ಮಕ್ಕಳು, ಸೊಸೆ ಬಂಡಿ ಹೂಡಿಕೊಂಡು ಹೊಲಕ್ಕೆ ಹೋದದ್ದನ್ನು ಗೋಪುರದ ಮೇಲಿಂದ ಅವನೇ ಕಂಡಿದ್ದ. ಅವ್ವ ಕೆರೆಯಲ್ಲಿ ಬಟ್ಟೆ ಒಗೆಯುವುದನ್ನೂ ಕಂಡಿದ್ದ. ನಾಲ್ಕು ಮತ್ತು ಒಂದು.

“ಮನೆ ಖಾಲಿ. ಕೊಕ್ಕೆ ಹಾಕಿ,” ಎಂದ.

ಎಂಟು ಜನ ಉದ್ದ ಗಳದ ಕೊಕ್ಕೆಗಳನ್ನು ಮುಂಭಾಗದ ಹುಲ್ಲಿಗೆ ಹಾಕಿದರು. ತೊಲೆ ಕಿರ್ ಎಂದಿತು. ಅಷ್ಟರಲ್ಲಿ ಕೆರೆಯ ದಾರಿಯಲ್ಲಿ ಅವ್ವ ಬಂದಳು. ಹೆಗಲ ಮೇಲೆ ಒದ್ದೆ ಬಟ್ಟೆ, ಎದೆಯಲ್ಲಿ ಉಸಿರಿಲ್ಲ. ನಾಯಕ ಅಡ್ಡ ಕೈ ಚಾಚಿದ.

“ಹಿಂದೆ ಸರಿ ಅವ್ವಾ. ನಿಮ್ಮವರು ಐದೂ ಜನ ಹೊರಗಿದ್ದೀರಿ. ಮನೆ ಹೋದರೆ ಇನ್ನೊಂದು ಕಟ್ಟಿಸೋಣ.”

“ಒಳಗೆ ಮಗಳಿದ್ದಾಳೆ,” ಎಂದಳು ಅವ್ವ.

ನಾಯಕ ಬಾಗಿಲ ಕಡೆ ತಿರುಗಿ ನೋಡಿದ. ಬೊಟ್ಟು ಐದೇ ಇದ್ದವು. ಒಂದು ಉಸಿರಿನಷ್ಟು ಹೊತ್ತು ಅವನು ತಾಯಿಯ ಮಾತಿಗಿಂತ ತನ್ನ ಸುಣ್ಣವನ್ನು ಹೆಚ್ಚು ನಂಬಿದ. ಆ ಒಂದು ಉಸಿರಿನಲ್ಲಿ ಅವ್ವ ಅವನ ತೋಳಿನ ಕೆಳಗೆ ನುಸುಳಿ ಒಳಗೆ ಹೋಗಿಬಿಟ್ಟಳು.

“ಕೊಕ್ಕೆ ಬಿಡಿ, ಯಾರೂ ಎಳೆಯಬೇಡಿ,” ಎಂದು ನಾಯಕ ಅವಳ ಬೆನ್ನಿಗೇ ಓಡಿದ.

ಹಿತ್ತಿಲ ಕಡೆಯ ಹುಲ್ಲಿಗೆ ಬೆಂಕಿ ಹತ್ತಿತ್ತು. ಒಳಗೆ ಕತ್ತಲು, ಹೊಗೆ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದರೆ, ಹೊರಸಿನ ಮೇಲೆ ಬಾಣಂತಿ ಮಲಗಿದ್ದಳು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಕಿವಿಯಲ್ಲಿ ಹತ್ತಿ, ಹತ್ತಿಯ ಮೇಲೆ ತಲೆ ಸುತ್ತಿ ಬಿಗಿದ ಬಟ್ಟೆ. ಊರಿಗೆ ಊರೇ ಕೂಗಿದ್ದು ಅವಳಿಗೆ ಕೇಳಿರಲಿಲ್ಲ. ಹೊಗೆ ಮೂಗಿಗೆ ಬಡಿದಾಗ, ಕಣ್ಣು ಬಿಡದೆ ಅಂದಳು:

“ಅವ್ವಾ, ಲೋಬಾನ ಸ್ವಲ್ಪ ಕಡಿಮೆ ಹಾಕು.”

ಅವ್ವ ಮಗಳನ್ನು ತೋಳು ಹಿಡಿದು ಎಬ್ಬಿಸಿದಳು. ಅವಳ ಮಗ್ಗುಲಿಂದ ಏಳು ದಿನದ ಕೂಸನ್ನು ಎತ್ತಿ ನಾಯಕನ ಕೈಗೆ ಹಾಕಿದಳು. ನಾಯಕ ಹುಟ್ಟಿದಾಗಿನಿಂದ ಕೂಸು ಎತ್ತಿದವನಲ್ಲ. ಎಣ್ಣೆಯ ಕೊಡ ಹಿಡಿದ ಹಾಗೆ ಹಿಡಿದ. “ಕತ್ತು ಹಿಡಿಯೋ, ಕತ್ತು,” ಎಂದು ಆ ಹೊಗೆಯಲ್ಲೂ ಅವ್ವ ಅವನನ್ನು ಗದರಿಸಿದಳು. ಅವನು ಕತ್ತು ಹಿಡಿದ. ಒದ್ದೆ ಬಟ್ಟೆ ಹೊದಿಸಿಕೊಂಡು ನಾಲ್ಕು ಜೀವ ಹೊರಗೆ ಬಂದವು. ಆಮೇಲೆ ಕೊಕ್ಕೆ ಎಳೆದರು. ಮನೆ ಕೂತಿತು. ಉರಿ ಅಲ್ಲಿಗೇ ನಿಂತಿತು. ಗಾಣ ಉಳಿಯಿತು, ಪೇಟೆ ಉಳಿಯಿತು.

ಪೇಟೆಯವರು ನಾಯಕನನ್ನು ಹಾಡಿ ಹೊಗಳಿದರು. ಹೊಗಳಿಕೆ ಎಂದರೆ ಹೋಳಿಗೆಯಷ್ಟು ಇಷ್ಟ ಅವನಿಗೆ. ಅವತ್ತು ಗಂಟಲಲ್ಲಿ ಇಳಿಯಲಿಲ್ಲ. ಬೇವಿನ ಮರದ ಕೆಳಗೆ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದಳು. ಅವನು ಹೋಗಿ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ.

“ನಾನು ಕೇಳಿದ ದಿನ ಐದು ಜನ ಎಂದೆಯಲ್ಲ ಅವ್ವಾ. ಯಾಕೆ?”

“ನಮ್ಮ ಮನೆಯವರು ಎಷ್ಟು ಎಂದು ನೀನು ಕೇಳಿದೆ. ನಮ್ಮ ಮನೆಯವರು ಐದೇ,” ಎಂದಳು ಅವ್ವ. “ಕೊಟ್ಟ ಹೆಣ್ಣನ್ನು ನಮ್ಮ ಮನೆಯವಳು ಎನ್ನಲಿಕ್ಕೆ ಬರುತ್ತದೆಯೇ? ಬಸುರಿಗೆ ಕುಬುಸ ಮಾಡಿ ಬಾಣಂತನಕ್ಕೆ ಕರೆದುಕೊಂಡು ಬಂದಿದ್ದೆವು. ಹೊಟ್ಟೆಯಲ್ಲಿದ್ದದ್ದನ್ನು ಎಣಿಸಬಾರದು. ಹುಟ್ಟಿದ ಮೇಲೂ ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಎಣಿಸಬಾರದು. ನಿನಗೆ ಸುಳ್ಳು ಹೇಳಲಿಲ್ಲಪ್ಪಾ.”

“ಅವಳನ್ನು ಅವಳ ಗಂಡನ ಮನೆಯ ಬಾಗಿಲಲ್ಲಿ ಬರೆದಿದ್ದೇನೆ. ಕೆಳಗಿನ ಓಣಿಯಲ್ಲಿ ಬೊಟ್ಟು ಇದೆ.”

“ಬೊಟ್ಟು ಅಲ್ಲಿ ಇರಲಿ. ಅವಳು ಮೂರು ತಿಂಗಳಿಂದ ಇಲ್ಲಿದ್ದಾಳೆ. ಅವತ್ತು ನಿನಗೆ ಮಜ್ಜಿಗೆ ಕೊಟ್ಟವಳು ಯಾರು, ನನ್ನ ಸೊಸೆಯೇ? ಸೊಸೆ ಹೊಲದಲ್ಲಿದ್ದಳು. ಏಳು ತಿಂಗಳ ಬಸುರಿ ಎದುರಿಗೆ ನಿಂತರೂ ನಿನಗೆ ಕಂಡದ್ದು ನಮ್ಮ ಹುಲ್ಲು.”

ಬಾಣಂತಿ ತಲೆಯ ಬಟ್ಟೆಯೊಳಗಿಂದ ಸಣ್ಣಗೆ ನಕ್ಕಳು. ನಾಯಕನೂ ನಗಲು ನೋಡಿದ, ಆಗಲಿಲ್ಲ. ಕೂಸು ಅವನ ಬೆರಳು ಹಿಡಿದುಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಮರುದಿನ ಅವನು ಮೊದಲ ಓಣಿಯ ಮೊದಲ ಮನೆಯಿಂದ ಮತ್ತೆ ಹೊರಟ. ಈ ಸಲ ಎಷ್ಟು ಜನ ಎಂದು ಕೇಳಲಿಲ್ಲ. ಜಗಲಿಯ ಮೇಲೆ ಕುಳಿತು, “ಈ ಮನೆಗೆ ಬೆಂಕಿ ಬಿದ್ದರೆ ನೀವು ಯಾರಿಗೋಸ್ಕರ ಒಳಗೆ ಓಡುತ್ತೀರಿ?” ಎಂದು ಕೇಳಿದ.

ಕಮ್ಮಾರ ತನ್ನ ಕಿವುಡ ತಾಯಿಯನ್ನು ಹೇಳಿದ. ಬಡಗಿ ಕಾಲು ಮುರಿದುಕೊಂಡು ಮಲಗಿದ್ದ ಕೂಲಿಯಾಳನ್ನು ಹೇಳಿದ. ಅವನು ಪರ ಊರಿನವನು, ಯಾವ ಬಾಗಿಲಲ್ಲೂ ಬೊಟ್ಟಿಲ್ಲದವನು. ಒಬ್ಬ ಮುದುಕ ಎಮ್ಮೆಯನ್ನು ಹೇಳಿ, ಹೆಂಡತಿಯ ಮುಖ ನೋಡಿ, ಅವಳನ್ನೂ ಸೇರಿಸಿದ. ಒಬ್ಬ ಸೊಸೆ ಅತ್ತೆಯ ಹೆಸರು ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಆದರೂ ಹೇಳಿದಳು. ನೂಲುವವಳೊಬ್ಬಳು ಒಂಟಿಯಾಗಿದ್ದಳು. “ನಾನು ಯಾರಿಗೋಸ್ಕರ ಓಡಲಿ, ನನಗೋಸ್ಕರ ಓಡುವವರು ಯಾರು ಎಂದು ಕೇಳು,” ಎಂದಳು. ನಾಯಕ ತನ್ನ ಹೆಸರು ಹೇಳಿದ.

ಹಿಂದೆ ಒಂದು ದಿನಕ್ಕೆ ನಲವತ್ತು ಮನೆ ಮುಗಿಸುತ್ತಿದ್ದವನಿಗೆ ಈಗ ಆರು ಮನೆ ಮುಗಿಯುವುದರೊಳಗೆ ಹೊತ್ತು ಮುಳುಗುತ್ತಿತ್ತು. ಪೇಟೆಯವರು ನಾಯಕನಿಗೆ ವಯಸ್ಸಾಯಿತು ಎಂದು ಚೇಷ್ಟೆ ಮಾಡಿದರು. ಪ್ರತಿ ತಿಂಗಳೂ ಅವನು ಮತ್ತೆ ಮೊದಲ ಮನೆಯಿಂದ ಹೊರಡುತ್ತಿದ್ದ. ಹೋದ ತಿಂಗಳು ಇದ್ದ ಊರು ಈ ತಿಂಗಳು ಇರುವುದಿಲ್ಲ ಎನ್ನುತ್ತಿದ್ದ. ಬಡಾಯಿ ಮಾತ್ರ ಬಿಡಲಿಲ್ಲ. ಈ ಪೇಟೆಯಲ್ಲಿ ನನಗಿಂತ ಹೆಚ್ಚು ಮಜ್ಜಿಗೆ ಕುಡಿದವನಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶನ ಮುಖ ಅರಳಿತ್ತು. “ತಿಳಿಯಿತು ಅಜ್ಜಾರೇ,” ಎಂದು ಥಟ್ಟನೆ ಎದ್ದ. “ಇವತ್ತೇ ಹೊರಡುತ್ತೇನೆ. ಮೇಲಿನ ಓಣಿಯಿಂದ ಶುರುಮಾಡಿ ಒಂದು ಮನೆ ಬಿಡದೆ ಕೇಳಿಕೊಂಡು ಬರುತ್ತೇನೆ.” ನಮಸ್ಕಾರ ಮಾಡಿ ಹೊಸ್ತಿಲ ತನಕ ಹೋದ.

“ಹೋಗಿ ಬಾ ತಮ್ಮಾ,” ಎಂದರು ಗುರುಗಳು, “ಹೋಗುವ ಮುಂಚೆ ನನ್ನನ್ನು ಸ್ವಲ್ಪ ಎಬ್ಬಿಸಿ ನಿಲ್ಲಿಸು, ಎರಡು ತಿಂಗಳಾಯಿತು ಈ ಮಂಡಿಗಳು ತಾವಾಗಿ ಏಳುತ್ತಿಲ್ಲ.”