ಉದ್ದಂಡರಾಯನ ಗಾಜಿನ ಗುಂಡು

ಬಿಳಿಗೋಟೆಯ ಬೀದಿಬೀದಿಯಲ್ಲಿ ಡಂಗುರ ಹೊಡೆದು ಸಾರಿದರು: "ಉದ್ದಂಡರಾಯ ದೊರೆಗಳ ಅಪ್ಪಣೆ! ದೊರೆಗಳ ಮೇಜಿನ ಮೇಲಿರುವ ಗಾಜಿನ ಗುಂಡಿನ ಬಗ್ಗೆ ಮೂರು ಒಗಟು. ಮೂರನ್ನೂ ಬಿಡಿಸಿದವರು ಏನು ಕೇಳಿದರೂ ಉಂಟು. ಒಂದು ತಪ್ಪಿದರೂ ತಲೆ ಉಳಿಯದು!"

ಬಳೆ ಮಾಡುವ ಭಟ್ಟಿಯ ಮುಂದೆ ನಿಂತಿದ್ದ ದ್ಯಾವವ್ವನಿಗೆ ಇದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಅವಳ ಅಣ್ಣ ಬರಮಣ್ಣ ಇದೇ ಗುಂಡಿನ ದೆಸೆಯಿಂದ ಸೆರೆಮನೆಯಲ್ಲಿ ಕೊಳೆಯುತ್ತಿದ್ದ. ಹಡಗಿನ ವ್ಯಾಪಾರಿಯೊಬ್ಬ ಆ ಗುಂಡನ್ನು ದೊರೆಗೆ ಕಾಣಿಕೆ ಕೊಟ್ಟಿದ್ದ. ಅಂಗೈ ತುಂಬುವಷ್ಟು ತಿಳಿಗಾಜು, ಒಳಗೆ ನೂರು ಪುಟ್ಟ ಹೂವು. ದೊರೆಗೆ ಅದರ ಜೋಡಿ ಇನ್ನೊಂದು ಬೇಕಾಯಿತು. ಬರಮಣ್ಣ ಹಗಲೂ ರಾತ್ರಿ ಕೂತು ಮಾಡಿ, ಬಿಸಿ ಬೂದಿಯಲ್ಲಿ ಹೂತಿಟ್ಟ. ಮಾರನೆಯ ದಿನವೇ ದೊರೆ ಭಟ್ಟಿಗೆ ಬಂದು, ಬರಮಣ್ಣ ಬೇಡ ಬೇಡವೆಂದು ಕಾಲಿಗೆ ಬಿದ್ದರೂ ಕೇಳದೆ, ಬೂದಿ ಕೆದಕಿಸಿ ಗುಂಡನ್ನು ತೆಗೆಸಿದ. ನೋಡನೋಡುತ್ತಲೇ ಅದು ಎರಡು ಹೋಳಾಯಿತು. ಅಪಶಕುನ ಮಾಡಿಟ್ಟಿದ್ದಾನೆ, ಅಮಾವಾಸ್ಯೆಗೆ ಇವನ ತಲೆ ತೆಗೆಯಿರಿ ಅಂತ ಹುಕುಂ ಆಯಿತು. ಅಮಾವಾಸ್ಯೆಗೆ ಉಳಿದಿದ್ದು ನಾಲ್ಕೇ ದಿನ.

ಮೊದಲು ಹೋದವನು ಆಸ್ಥಾನದ ಕವಿ. ದೊರೆ ಕೇಳಿದ ಮೊದಲ ಒಗಟು ಇದು: ಒಂದೇ ದಂಟು, ಎಲ್ಲಿ ಕೊಯ್ದರೂ ಒಳಗೆ ಅದೇ ಹೂವು, ಅದು ಯಾವ ತೋಟದ್ದು? ಕವಿ ತಾವರೆಯ ದಂಟು ಅಂದ. ಸಂಜೆಗೆ ಅವನ ತಲೆ ಹೋಯಿತು.

ಎರಡನೆಯವರು ಮಣಿ ವ್ಯಾಪಾರದ ಪಾರಿಶೆಟ್ಟರು. ದೇಶ ಸುತ್ತಿದ ಮನುಷ್ಯ, ಎರಡು ಒಗಟನ್ನು ಸಲೀಸಾಗಿ ಬಿಡಿಸಿದರು. ಮೂರನೆಯದು ಬಂತು: ಯಾರೂ ಹೊಡೆಯಲಿಲ್ಲ, ಯಾರೂ ಬೀಳಿಸಲಿಲ್ಲ, ಗುಂಡು ಒಡೆಯಿತು, ಒಡೆದವರು ಯಾರು? ಶೆಟ್ಟರು ತುಂಬ ಹೊತ್ತು ಯೋಚಿಸಿ, ದೃಷ್ಟಿ ತಾಗಿರಬೇಕು ಬುದ್ಧಿ ಅಂದರು. ಅದರ ಮೇಲೆ ಕಣ್ಣಿಟ್ಟಿದ್ದವನು ನಾನೊಬ್ಬನೇ, ನನ್ನ ಕಣ್ಣು ಕೆಟ್ಟದ್ದು ಅಂತೀಯೇನೋ ಅಂತ ದೊರೆ ಗುಡುಗಿದ. ಶೆಟ್ಟರ ಕತೆಯೂ ಅಷ್ಟಕ್ಕೇ ಮುಗಿಯಿತು.

ಈ ಸುದ್ದಿ ಭಟ್ಟಿಗೆ ಬಂದಾಗ ದ್ಯಾವವ್ವ ಹಲ್ಲು ಕಡಿದಳು. ಈ ದೊರೆಗೆ ಮೂರನೆಯ ಒಗಟಿನ ಉತ್ತರವೇ ಗೊತ್ತಿಲ್ಲ, ಗೊತ್ತಿದ್ದರೆ ಅಣ್ಣನ ಮೇಲೆ ತಪ್ಪು ಹೊರಿಸುತ್ತಿರಲಿಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಗೊತ್ತಿಲ್ಲದ್ದನ್ನು ಕೇಳಿ, ಒಪ್ಪಿಗೆಯಾಗದ ಮಾತಿಗೆ ಜನರ ತಲೆ ಕಡಿಸುತ್ತಿದ್ದಾನಲ್ಲ! ಅವಳು ಅಳುತ್ತ ಕೂರಲಿಲ್ಲ. ಅಣ್ಣ ಮಾಡಿ ಉಳಿದಿದ್ದ ಗಾಜಿನ ಹೂಗಳ ಮೇಲೆ ತಿಳಿಗಾಜು ಹೊದಿಸಿ ಒಂದು ಗುಂಡು ಮಾಡಿ, ದಪ್ಪ ಮಡಕೆಯಲ್ಲಿ ಬಿಸಿ ಬೂದಿ ತುಂಬಿ ಅದರೊಳಗೆ ಹೂತಳು. ಮರುದಿನ ಬೆಳಿಗ್ಗೆ ಮಡಕೆಯನ್ನು ಕಂಬಳಿಯಲ್ಲಿ ಸುತ್ತಿ ಸೊಂಟದ ಮೇಲಿಟ್ಟುಕೊಂಡು ಅರಮನೆಗೆ ನಡೆದಳು.

ಮಸಿ ಮೆತ್ತಿದ ಸೀರೆಯವಳನ್ನು ನೋಡಿ ಆಸ್ಥಾನದವರು ಮೂಗು ಮುರಿದರು. ದೊರೆ ಮೊದಲ ಒಗಟು ಕೇಳಿದ.

"ಗಾಜಿನ ಕಡ್ಡಿ, ದೊರೆಗಳೇ," ಅಂದಳು. ಬಣ್ಣಬಣ್ಣದ ಗಾಜನ್ನು ಹೂವಿನ ಹಾಗೆ ಜೋಡಿಸಿ, ಕಾಯಿಸಿ, ಇಬ್ಬರು ಎರಡು ತುದಿ ಹಿಡಿದು ಎಳೆಯುತ್ತಾರೆ. ಕಡ್ಡಿ ಸಣ್ಣಗಾದ ಹಾಗೆ ಹೂವೂ ಸಣ್ಣಗಾಗುತ್ತದೆಯೇ ಹೊರತು ಅಳಿಸಿಹೋಗುವುದಿಲ್ಲ. ಆಮೇಲೆ ಬೆಂಡೆಕಾಯಿ ಹೆಚ್ಚಿದ ಹಾಗೆ ಬಿಲ್ಲೆ ಮಾಡಿದರೆ ಬಿಲ್ಲೆಗೊಂದು ಹೂವು.

ದೊರೆ ಎರಡನೆಯದನ್ನು ಕೇಳಿದ: ಹುಟ್ಟಿದ್ದು ಕೊರಳಿಗೆ, ಬೆಳೆದಿದ್ದು ಕಾಗದಕ್ಕೆ, ಒಂದಕ್ಷರ ಓದಲಾರದು, ಆದರೂ ದೊರೆಯ ಆಜ್ಞೆಯನ್ನು ಕಾಯುತ್ತದೆ, ಏನದು?

"ನಿಮ್ಮ ಮೇಜಿನ ಮೇಲೆ ಕೂತಿದೆಯಲ್ಲ, ಅದೇ." ಈ ಹೂಬಿಲ್ಲೆ ಮೊದಲು ಕೊರಳಿನ ಮಣಿಗೆ ಅಂತ ಹುಟ್ಟಿದ್ದು. ಕಡಲಾಚೆಯ ಊರುಗಳಲ್ಲಿ ಜನ ಕಾಗದ ಬರೆಯುವುದು ಹೆಚ್ಚಿತು, ಕಡಲ ಗಾಳಿಗೆ ಕಾಗದ ಹಾರತೊಡಗಿತು. ಆಗ ಭಟ್ಟಿಯವರು ಬಿಲ್ಲೆಗಳನ್ನು ಗುಂಪು ಮಾಡಿ, ಮೇಲೆ ತಿಳಿಗಾಜು ಹೊದಿಸಿ, ಕಾಗದದ ಮೇಲೆ ಭಾರಕ್ಕೆ ಇಡುವ ಗುಂಡು ಮಾಡಿದರು. ಅಪ್ಪ ಹೇಳಿಕೊಟ್ಟಿದ್ದು ಹೀಗೆ ಅಂದಳು.

ದೊರೆ ಮೂರನೆಯದನ್ನು ಕೇಳಿದ. ದ್ಯಾವವ್ವ ಕಂಬಳಿ ಬಿಚ್ಚಿ ಮಡಕೆಯನ್ನು ಅವನ ಮುಂದಿಟ್ಟಳು. ನಿಮ್ಮ ಗುಂಡಿನ ಜೋಡಿ ಇದರಲ್ಲಿದೆ, ಆದರೆ ಇನ್ನು ಮೂರು ದಿನ ಬೂದಿ ಕೆದಕಬಾರದು, ಅಷ್ಟು ಹೊತ್ತಿಗೆ ಉತ್ತರ ಹೇಳುತ್ತೇನೆ ಅಂದಳು. ದೊರೆಗೆ ಪಿತ್ತ ನೆತ್ತಿಗೇರಿತು. ನನಗೇ ಕಾಯಲು ಹೇಳುತ್ತಾಳೆ, ತೆಗೆಯಿರೋ ಅದನ್ನು ಅಂದ. ಬೇಡ ಅಂತ ಅವಳು ಮೂರು ಸಲ ಹೇಳಿದಳು. ಸೇವಕ ಇಕ್ಕಳದಿಂದ ಗುಂಡನ್ನೆತ್ತಿ ಬೆಳ್ಳಿತಟ್ಟೆಗೆ ಇಟ್ಟ. ಚಾಮರದ ಗಾಳಿ ಸೋಕಿತು. ಟಿಕ್ ಅಂತ ಒಂದು ಸದ್ದು, ಗುಂಡು ಎರಡು ಹೋಳು.

ದ್ಯಾವವ್ವ ಬೆಳ್ಳಿತಟ್ಟೆಯನ್ನು ದೊರೆಯ ಮುಂದಕ್ಕೆ ತಳ್ಳಿದಳು. "ಗಾಜು ಹೊರಗೆ ಬೇಗ ಆರಿ, ಒಳಗೆ ಬಿಸಿ ಉಳಿದರೆ ಸೀಳುತ್ತದೆ. ಅದಕ್ಕೇ ನಾಲ್ಕು ದಿನ ಬೂದಿಯಲ್ಲಿ ಇಡುವುದು. ಇಷ್ಟು ಜನರ ಮುಂದೆ ಯಾರೂ ಹೊಡೆಯಲಿಲ್ಲ, ಯಾರೂ ಬೀಳಿಸಲಿಲ್ಲ. ಈಗ ಒಡೆದವರು ಯಾರು, ನೀವೇ ಹೇಳಿ."

ದೊರೆ ಸಭೆಯತ್ತ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ.

"ನಾನು," ಅಂದ ಕೊನೆಗೆ.

ದ್ಯಾವವ್ವ ಕೇಳಿದ ಹಾಗೆ ಬರಮಣ್ಣನನ್ನು ಆ ಗಳಿಗೆಯೇ ಬಿಟ್ಟರು. ಭಟ್ಟಿಯನ್ನು ಅಣ್ಣತಂಗಿಯರ ಹೆಸರಿಗೆ ಬರೆದುಕೊಟ್ಟರು, ಅವರ ಅಪ್ಪಣೆಯಿಲ್ಲದೆ ದೊರೆಯೂ ಅಲ್ಲಿಗೆ ಕಾಲಿಡಬಾರದು ಅಂತ ಕಟ್ಟಳೆಯಾಯಿತು. ಇನ್ನೂ ಏನು ಬೇಕಾದರೂ ಕೇಳು ಅಂದ ದೊರೆ, ಅವಳ ಸಿಟ್ಟು ಇಳಿದೀತು ಅಂದುಕೊಂಡು.

ಇಳಿಯಲಿಲ್ಲ. "ಪಾರಿಶೆಟ್ಟರ ಮನೆಗೆ ನಡೆದುಕೊಂಡು ಹೋಗಿ. ಉತ್ತರ ನನಗೂ ಗೊತ್ತಿರಲಿಲ್ಲ ಅಂತ ಅವರ ಹೆಂಡತಿಗೆ ನಿಮ್ಮ ಬಾಯಿಂದಲೇ ಹೇಳಿ."

ತುಂಬಿದ ಸಭೆಯಲ್ಲಿ ಕೊಟ್ಟ ಮಾತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಉದ್ದಂಡರಾಯ ನಡೆದೇ ಹೋದ. ಊರೆಲ್ಲ ಹಿಂದೆ ಬಂತು. ಹೊಸ್ತಿಲ ಹೊರಗೆ ನಿಂತು, ತಲೆ ತಗ್ಗಿಸಿ, ಹೇಳಬೇಕಾದ್ದನ್ನು ಹೇಳಿದ. ಶೆಟ್ಟರ ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವನ ಮುಖದ ಮೇಲೆ ಬಾಗಿಲು ಹಾಕಿದಳು.